ರೋಗಿಯ ಹಾಸಿಗೆಯ ಬಳಿ ನಡೆಯುವ ಪರೀಕ್ಷೆ

ಕಳೆದ ತಿಂಗಳು ನಮ್ಮ ಬೀದಿಯ ಸ್ನೇಹಿತರೊಬ್ಬರು ಸಂಜೆಯ ಹೊತ್ತಿನಲ್ಲಿ ಮನೆಗೆ ಬಂದರು. ಮುಖ ಬಾಡಿತ್ತು. ಅವರ ಮಗ ಎಂ.ಬಿ.ಬಿ.ಎಸ್. ಕೊನೆಯ ಪರೀಕ್ಷೆಗೆ ಕುಳಿತಿದ್ದನು. ಬರೆಯುವ ಪತ್ರಿಕೆಗಳಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದುವು. ರೋಗಿಯ ಬಳಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ತೇರ್ಗಡೆಯಾಗಿರಲಿಲ್ಲ.

“ಹುಡುಗನಿಗೆ ಪುಸ್ತಕವೆಲ್ಲ ಬಾಯಿಪಾಠ, ಸ್ವಾಮಿ. ರೋಗಿಯ ಮುಂದೆ ನಿಂತಾಗ ಹೇಗೆ ಬಿದ್ದ? ನೀವೂ ಇಪ್ಪತ್ತು ವರ್ಷ ಪರೀಕ್ಷಕರಾಗಿದ್ದವರು. ನಿಜ ಹೇಳಿಬಿಡಿ, ಅಲ್ಲಿ ನ್ಯಾಯವೆಂಬುದು ಉಂಟೋ ಇಲ್ಲವೋ?” ಎಂದು ಕೇಳಿದರು.

ಅಂದು ಏನೋ ನಾಲ್ಕು ಸಮಾಧಾನದ ಮಾತು ಹೇಳಿ, ಕಾಫಿ ಕೊಟ್ಟು ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಪುಟವನ್ನು ಓದುವವರಲ್ಲಿ ಅನೇಕರ ಮನೆಯಲ್ಲಿ ವೈದ್ಯಕೀಯ ಓದುವ ಮಕ್ಕಳಿದ್ದಾರು. ಇಲ್ಲದವರೂ ಒಂದಲ್ಲ ಒಂದು ದಿನ ಆ ಮಕ್ಕಳ ಕೈಗೆ ತಮ್ಮ ನಾಡಿಯನ್ನು ಒಪ್ಪಿಸಬೇಕಾದವರೇ. ಆದುದರಿಂದ ಸ್ನೇಹಿತರಿಗೆ ಹೇಳಲಾರದೆ ಉಳಿದುದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕಡೆ ಈ ಪರೀಕ್ಷೆ ಬಹುಕಾಲದಿಂದ ನಡೆದು ಬಂದಿರುವ ರೀತಿ ಹೀಗೆ. ವಿದ್ಯಾರ್ಥಿಗೆ ವಾರ್ಡಿನಲ್ಲಿ ಒಬ್ಬ ರೋಗಿಯನ್ನು ಗೊತ್ತುಮಾಡಿ ಕೊಡುತ್ತಾರೆ. ಇದಕ್ಕೆ ಲಾಂಗ್ ಕೇಸ್ ಎಂದು ಹೆಸರು. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ವಿದ್ಯಾರ್ಥಿ ಆ ರೋಗಿಯ ಬಳಿಯಿದ್ದು, ಅವನ ಕಷ್ಟವನ್ನು ಕೇಳಿ, ಮೈಯನ್ನು ಪರೀಕ್ಷಿಸಿ, ರೋಗ ಇಂಥದೆಂದು ನಿಶ್ಚಯಿಸಬೇಕು. ಆಮೇಲೆ ಪರೀಕ್ಷಕರು ಬರುತ್ತಾರೆ, ಒಬ್ಬರು ಅದೇ ಕಾಲೇಜಿನವರು, ಒಬ್ಬರು ಹೊರಗಿನವರು. ವಿದ್ಯಾರ್ಥಿ ತಾನು ಕಂಡುದನ್ನು ಹೇಳುತ್ತಾನೆ, ಅವರು ಪ್ರಶ್ನೆ ಹಾಕುತ್ತಾರೆ. ಅದಾದ ಬಳಿಕ ಇನ್ನೆರಡು ಮೂರು ರೋಗಿಗಳ ಬಳಿ ಕೆಲವೇ ನಿಮಿಷಗಳ ಷಾರ್ಟ್ ಕೇಸ್. ಕೊನೆಗೆ ಮೇಜಿನ ಮುಂದೆ ಕೂರಿಸಿ ಬಾಯಿಪ್ರಶ್ನೆ. ಅಲ್ಲಿಗೆ ಐದು ವರ್ಷದ ಓದಿಗೆ ತೀರ್ಪು ಆಯಿತು.

ಇದರಲ್ಲಿ ಅದೃಷ್ಟದ ಪಾಲು ಎಷ್ಟೆಂಬುದನ್ನು ಹೊರಗಿನವರು ಊಹಿಸಲಾರರು. ಒಬ್ಬನಿಗೆ ಪಾರ್ಶ್ವವಾಯು ಹೊಡೆದ ರೋಗಿ ಸಿಕ್ಕುತ್ತಾನೆ. ರೋಗವು ಬಾಗಿಲಿನಿಂದಲೇ ಕಾಣುತ್ತದೆ. ಪಕ್ಕದ ಹಾಸಿಗೆಯ ಬಳಿ ನಿಂತವನಿಗೆ, ಮೂರು ವಾರದಿಂದ ಜ್ವರ ಬಂದು ದೊಡ್ಡ ದೊಡ್ಡ ವೈದ್ಯರೇ ತಲೆ ಕೆರೆದುಕೊಳ್ಳುತ್ತಿರುವ ಮುದುಕ. ಒಬ್ಬ ರೋಗಿ ಬೆಳಗಿನಿಂದ ಎಂಟು ಮಂದಿಯ ಕೈಯಲ್ಲಿ ಹೊಟ್ಟೆ ಅಮುಕಿಸಿಕೊಂಡು ಬೇಸತ್ತು, ಒಂಬತ್ತನೆಯವನು ಬಂದಾಗ ಗೋಡೆಯ ಕಡೆಗೆ ತಿರುಗಿ ಮಲಗಿಬಿಡುತ್ತಾನೆ. ಇನ್ನೊಬ್ಬ ಪ್ರತಿವರ್ಷವೂ ಪರೀಕ್ಷೆಗೆ ಬಂದು ಬಂದು ಪಳಗಿದವನು. ತನ್ನ ಹೃದಯದ ಯಾವ ಕವಾಟ ಕಿರಿದಾಗಿದೆ ಎಂಬುದನ್ನು ಇಂಗ್ಲಿಷಿನಲ್ಲಿಯೇ ಬಲ್ಲನು. ಬಡಪಾಯಿ ಹುಡುಗನ ಮುಖ ನೋಡಿ ಕನಿಕರಪಟ್ಟು, “ಎಂ.ಎಸ್. ಅಂತ ಬರಕೊಳ್ಳಪ್ಪ” ಎಂದು ಮೆಲ್ಲನೆ ಹೇಳಿಬಿಡುತ್ತಾನೆ. ಇದು ನಗೆಹನಿಯಲ್ಲ, ನಾನು ಕಿವಿಯಾರೆ ಕೇಳಿದ್ದು.

ಇವೆಲ್ಲವನ್ನೂ ನಾವು ಪರೀಕ್ಷಕರು ಬಲ್ಲೆವು. ಬಲ್ಲೆವಾದ್ದರಿಂದಲೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತೇವೆಂದು ನಮಗೆ ನಂಬಿಕೆ. ನನಗೂ ಆ ನಂಬಿಕೆ ಇತ್ತು. ಅದು ಹೋದ ದಿನವನ್ನು ಹೇಳಬೇಕು.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಮ್ಮ ನಾಡಿನದೇ ಒಂದು ಊರಿಗೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ. ಉತ್ತರದ ಕಡೆಯಿಂದ ಬಂದು ಓದುತ್ತಿದ್ದ ಒಬ್ಬ ಹುಡುಗಿಗೆ ಹೃದಯದ ಕಾಯಿಲೆಯ ಒಬ್ಬ ಹಳ್ಳಿಯ ಮುದುಕಿ ಲಾಂಗ್ ಕೇಸ್ ಆಗಿ ಬಂದಿದ್ದಳು. ಅದೇ ಕಿರಿದಾದ ಕವಾಟದ ಕಾಯಿಲೆ. ಇಂಥ ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಎದೆಯ ಎಡಗಡೆ ಹೃದಯದ ತುದಿಯ ಮೇಲೆ ಸ್ಟೆಥಾಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹಗುರವಾಗಿ ಇಟ್ಟು ಕೇಳಿದರೆ, ದೂರದಲ್ಲಿ ಗುಡುಗಿದಂತೆ ಒಂದು ಮಂದವಾದ ಶಬ್ದ ಕೇಳಿಸುತ್ತದೆ. ಹೊರಳಿಸದಿದ್ದರೆ ತಪ್ಪಿಹೋಗುವ ಸಂಭವವೇ ಹೆಚ್ಚು. ಎಂ.ಬಿ.ಬಿ.ಎಸ್. ಓದಿದ ಪ್ರತಿಯೊಬ್ಬರೂ ಕಲಿಯುವ ಪಾಠವಿದು.

ಹುಡುಗಿ ಹೇಳಿದ ರೋಗಚರಿತ್ರೆ ಅರ್ಧಂಬರ್ಧವಾಗಿತ್ತು. ಶಬ್ದವನ್ನು ಹೇಳಲೇ ಇಲ್ಲ.

“ಎಡಮಗ್ಗುಲಿಗೆ ತಿರುಗಿಸಿ ಕೇಳಿದೆಯಾ ಅಮ್ಮ?” ಎಂದೆ.

“ಇಲ್ಲ ಸರ್.”

“ಏಕೆ?”

ತಲೆ ತಗ್ಗಿಸಿ ನಿಂತಳು, ಮಾತಿಲ್ಲ. ನನ್ನ ಜೊತೆಯವರು ನನ್ನ ಮುಖವನ್ನು ನೋಡಿದರು, ನಾನು ಅವರ ಮುಖವನ್ನು ನೋಡಿದೆ. ಇಬ್ಬರೂ ಬರೆದ ಅಂಕ ಒಂದೇ ಆಗಿತ್ತು. ಪರೀಕ್ಷಕರಿಬ್ಬರ ಅಭಿಪ್ರಾಯ ಹೀಗೆ ಕೂಡಿದರೆ ನ್ಯಾಯವೇ ಕೈಹಿಡಿದು ಬರೆಸಿದಂತೆ ತೋರುತ್ತದೆ.

ಸಂಜೆ ಪಟ್ಟಿಗೆ ರುಜು ಹಾಕಿ, ಮೊಹರು ಮಾಡಿ ಹೊರಡುವಾಗ ಆ ವಾರ್ಡಿನ ಹಿರಿಯ ಸಿಸ್ಟರು ಎದುರಿಗೆ ಬಂದರು. ಕುಶಲದ ಮಾತು ಆಡುತ್ತ, “ಹನ್ನೊಂದನೆಯ ಹಾಸಿಗೆಯ ಅಜ್ಜಿ ಈಗ ಪರವಾಗಿಲ್ಲ ಸಾರ್. ಬೆಳಿಗ್ಗೆ ಆ ಹುಡುಗಿ ಇಲ್ಲದಿದ್ದರೆ ಕಷ್ಟವಾಗುತ್ತಿತ್ತು” ಎಂದರು. ನಡೆದುದು ಇಷ್ಟು. ಹುಡುಗಿ ಪ್ರಶ್ನೆ ಕೇಳುತ್ತಿರುವಾಗಲೇ ಮುದುಕಿಗೆ ಏದುಸಿರು ಹೆಚ್ಚಿತು. ಇವಳು ಪುಸ್ತಕವನ್ನು ಕೆಳಗಿಟ್ಟು, ಮುದುಕಿಯನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಓಡಿ ಹೋಗಿ ಸಿಸ್ಟರನ್ನು ಕರೆತಂದು, ಆಮ್ಲಜನಕ ಹಚ್ಚಿಸಿ, ಉಸಿರು ಹತೋಟಿಗೆ ಬರುವವರೆಗೂ ಕೈ ಹಿಡಿದು ನಿಂತಿದ್ದಳು. ಕೊಟ್ಟ ಹೊತ್ತಿನಲ್ಲಿ ಕಾಲುಗಂಟೆಗೂ ಮೇಲೆ ಅಲ್ಲಿಯೇ ಕಳೆದಿತ್ತು. ಉಸಿರು ಕಟ್ಟುವ ಮುದುಕಿಯನ್ನು ಮತ್ತೆ ಮಲಗಿಸಿ ಎಡಕ್ಕೆ ಹೊರಳಿಸುವ ಮನಸ್ಸು ಅವಳಿಗೆ ಬಂದಿರಲಿಲ್ಲ.

ಅಂದರೆ, ನಾವು ಯಾವ ತಪ್ಪಿಗಾಗಿ ಅವಳನ್ನು ಬೀಳಿಸಿದೆವೋ ಅದು ಅವಳು ಆ ದಿನ ಮಾಡಿದ ಅತ್ಯುತ್ತಮ ವೈದ್ಯವಾಗಿತ್ತು. ಪಟ್ಟಿ ಮೊಹರಾಗಿತ್ತು. ಹಿಂದಿರುಗಿ ಹೋಗಿ ಕೇಳಬಹುದಾಗಿತ್ತೇನೋ, ನಾನು ಕೇಳಲಿಲ್ಲ. ರೈಲಿಗೆ ಹೊತ್ತಾಗಿತ್ತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆರು ತಿಂಗಳ ಬಳಿಕ ಆಕೆ ತೇರ್ಗಡೆಯಾದಳೆಂದು ತಿಳಿಯಿತು.

ನಾನು ಮೋಸ ಮಾಡಿರಲಿಲ್ಲ, ಯಾರ ಶಿಫಾರಸಿಗೂ ಕಿವಿಗೊಟ್ಟಿರಲಿಲ್ಲ, ಸಿಟ್ಟಿನಲ್ಲಿಯೂ ಇರಲಿಲ್ಲ. ಆದರೂ ಅನ್ಯಾಯವಾಯಿತು. ಕಾರಣ ಸರಳ. ಆ ಒಂದು ಗಂಟೆ ಹುಡುಗಿ ರೋಗಿಯ ಬಳಿ ಏನು ಮಾಡಿದಳೆಂಬುದನ್ನು ನಾವಿಬ್ಬರೂ ನೋಡಲೇ ಇಲ್ಲ. ನೋಡಿದವರು ಸಿಸ್ಟರು; ಅವರಿಗೆ ಅಂಕ ಕೊಡುವ ಅಧಿಕಾರವಿಲ್ಲ. ನಾವು ಅಳೆದುದು ವೈದ್ಯವನ್ನಲ್ಲ, ವೈದ್ಯ ಮಾಡಿ ಬಂದವಳ ವರದಿಯನ್ನು. ಅಡುಗೆಯ ರುಚಿಯನ್ನು ನೋಡದೆ, ಅಡುಗೆಯವನು ಅದನ್ನು ಬಣ್ಣಿಸಿದ ಬಗೆಗೆ ಬಹುಮಾನ ಕೊಟ್ಟಂತೆ.

ಈ ಕೊರತೆ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ವೈದ್ಯರ ರಾಷ್ಟ್ರೀಯ ಪರೀಕ್ಷಾ ಮಂಡಲಿಯೊಂದು 1916ರಿಂದಲೂ ರೋಗಿಯ ಹಾಸಿಗೆಯ ಬಳಿ ಪರೀಕ್ಷೆ ನಡೆಸುತ್ತಿತ್ತು. ಒಬ್ಬನೇ ಅಭ್ಯರ್ಥಿಗೆ ಬೇರೆ ಬೇರೆ ಪರೀಕ್ಷಕರು ಕೊಟ್ಟ ಅಂಕಗಳನ್ನು ಹೋಲಿಸಿ ನೋಡಿದಾಗ ಅವು ಒಂದಕ್ಕೊಂದು ಹೊಂದುವುದು ತೀರ ಕಡಿಮೆಯೆಂದು ಕಂಡುಬಂದಿತು. 1960ರ ದಶಕದ ಆರಂಭದಲ್ಲಿ ಮಂಡಲಿಯು ಆ ಪರೀಕ್ಷೆಯನ್ನೇ ಕೈಬಿಟ್ಟಿತು. ತಕ್ಕಡಿ ಸರಿಯಿಲ್ಲವೆಂದು ತೂಗುವುದನ್ನೇ ನಿಲ್ಲಿಸಿದಂತಾಯಿತು.

ಅದೇ ಸಮಯದಲ್ಲಿ, 1963ರಲ್ಲಿ, ಲಾಸ್ ಏಂಜಲೀಸಿನಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞನು ಒಂದು ವಿಚಿತ್ರವಾದ ಉಪಾಯ ಹೂಡಿದನು. ಆರೋಗ್ಯವಂತಳಾದ ಒಬ್ಬ ಹೆಂಗಸಿಗೆ ನರರೋಗದ ಲಕ್ಷಣಗಳನ್ನೆಲ್ಲ ನಟಿಸುವುದನ್ನು ಕಲಿಸಿ, ವಿದ್ಯಾರ್ಥಿಗಳ ಮುಂದೆ ರೋಗಿಯಾಗಿ ಕೂರಿಸಿದನು. ಎಲ್ಲರಿಗೂ ಒಬ್ಬಳೇ ರೋಗಿ, ಒಂದೇ ಕಥೆ. ವಿದ್ಯಾರ್ಥಿ ಹೊರಟ ಮೇಲೆ ಅವನು ಏನು ಕೇಳಿದ, ಏನು ಬಿಟ್ಟ ಎಂಬುದನ್ನು ಅವಳು ಬರೆದಿಡುತ್ತಿದ್ದಳು. ನಟಿಯನ್ನು ತಂದು ವೈದ್ಯಶಾಸ್ತ್ರವನ್ನು ನಾಟಕ ಮಾಡಿದನೆಂದು ಆಗ ಹಾಸ್ಯ ಮಾಡಿದವರೇ ಬಹಳ ಮಂದಿ.

ಈ ಉಪಾಯದ ಬೀಜ ಎಲ್ಲಿತ್ತೆಂಬುದನ್ನು ಬ್ಯಾರೋಸನೇ ಮುಂದೆ ಹೇಳಿದ್ದಾನೆ. ಅವನು ಇನ್ನೂ ತರಬೇತಿಯಲ್ಲಿದ್ದಾಗ ಸ್ಯಾಮ್ ಎಂಬ ನರರೋಗಿಯೊಬ್ಬನನ್ನು ಪರೀಕ್ಷೆಗಳಿಗೆ ಕರೆಸುತ್ತಿದ್ದರಂತೆ. ಒಬ್ಬ ಅಭ್ಯರ್ಥಿ ಅವನನ್ನು ಒರಟಾಗಿ ನಡೆಸಿಕೊಂಡನು. ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಏಳುವುದು ಆ ರೋಗದ ಒಂದು ಲಕ್ಷಣ. ಸ್ಯಾಮ್ ಸುಮ್ಮನಿರದೆ ಆ ಲಕ್ಷಣವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಾಯಿಸಿ ತೋರಿಸಿ, ಸ್ಪರ್ಶ ತಿಳಿಯದ ಜಾಗಗಳನ್ನೂ ಬೇರೆ ಮಾಡಿ ಹೇಳಿ, ಅಭ್ಯರ್ಥಿಯನ್ನು ದಾರಿ ತಪ್ಪಿಸಿಬಿಟ್ಟನು! ಪರೀಕ್ಷಕರು ಇಬ್ಬರೆಂದು ತಿಳಿದಿರುತ್ತೇವೆ. ಮೂರನೆಯವನು ಹಾಸಿಗೆಯ ಮೇಲೆಯೇ ಮಲಗಿರುತ್ತಾನೆ.

ಇನ್ನೊಂದು ದೊಡ್ಡ ಹೆಜ್ಜೆ ಸ್ಕಾಟ್ಲೆಂಡಿನ ಡಂಡೀಯಲ್ಲಿ ಆಯಿತು. ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಹೊಸ ಕ್ರಮವನ್ನು ಪ್ರಕಟಿಸಿದರು. ಅದನ್ನು ಈಗ ಎಲ್ಲರೂ ಆಸ್ಕಿ ಎಂದು ಕರೆಯುತ್ತಾರೆ. ಒಂದು ದೊಡ್ಡ ಪರೀಕ್ಷೆಯನ್ನು ಹತ್ತು ಹದಿನೈದು ಸಣ್ಣ ಕಟ್ಟೆಗಳಾಗಿ ಒಡೆಯುವುದು. ಒಂದೊಂದು ಕಟ್ಟೆಯಲ್ಲಿ ಕೆಲವೇ ನಿಮಿಷ. ಒಂದು ಕಡೆ ಎದೆನೋವಿನವನ ಕಷ್ಟವನ್ನು ಕೇಳಬೇಕು, ಇನ್ನೊಂದು ಕಡೆ ಹೊಟ್ಟೆಯನ್ನು ಪರೀಕ್ಷಿಸಬೇಕು, ಮತ್ತೊಂದು ಕಡೆ ಎಕ್ಸ್‌ರೇ ಓದಬೇಕು. ಗಂಟೆ ಹೊಡೆದೊಡನೆ ಎಲ್ಲರೂ ಮುಂದಿನ ಕಟ್ಟೆಗೆ. ಕಟ್ಟೆಗೊಬ್ಬ ಪರೀಕ್ಷಕ, ಮೊದಲೇ ಗೊತ್ತುಮಾಡಿದ ಪಟ್ಟಿ ಕೈಯಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ವಿದ್ಯಾರ್ಥಿಯ ಮೇಲೆ ಕಣ್ಣು. ಒಬ್ಬ ಕಠಿಣನಾದರೆ ಇನ್ನೊಬ್ಬ ಮೃದುವಾಗಿರುತ್ತಾನೆ. ಒಂದು ರೋಗ ತಿಳಿಯದಿದ್ದರೆ ಇನ್ನೊಂದು ತಿಳಿದಿರುತ್ತದೆ. ಅದೃಷ್ಟವನ್ನು ಕೊಲ್ಲಲಾಗದು, ತುಂಡು ತುಂಡು ಮಾಡಿ ಹಂಚಬಹುದು.

ಪರೀಕ್ಷಕರ ಕಠಿಣತೆ ಎಂಬುದು ಬರಿಯ ವಿದ್ಯಾರ್ಥಿಗಳ ದೂರಲ್ಲ. ಬ್ರಿಟನ್ನಿನ ಎಂ.ಆರ್.ಸಿ.ಪಿ. ಪ್ರಾಯೋಗಿಕ ಪರೀಕ್ಷೆಯ ಅಂಕಗಳನ್ನು ಲೆಕ್ಕಹಾಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಂಕಗಳಲ್ಲಿ ಕಂಡ ಕ್ರಮಬದ್ಧವಾದ ವ್ಯತ್ಯಾಸದಲ್ಲಿ ಶೇಕಡ 87 ಪಾಲು ಅಭ್ಯರ್ಥಿಯ ಯೋಗ್ಯತೆಯಿಂದ, ಶೇಕಡ 12 ಪಾಲು ಪರೀಕ್ಷಕರು ಬಿಗಿಯೋ ಸಡಿಲವೋ ಎಂಬುದರಿಂದ ಬಂದುದೆಂದು ತಿಳಿಯಿತು. ಪರೀಕ್ಷಕರನ್ನು ಜೋಡಿ ಮಾಡಿ, ಕಟ್ಟೆಗಳನ್ನು ಹೆಚ್ಚು ಮಾಡಿ, ಅಷ್ಟೆಲ್ಲ ಎಚ್ಚರ ವಹಿಸಿದ ಪರೀಕ್ಷೆಯಲ್ಲಿಯೇ ಹೀಗೆ. ಇಬ್ಬರೇ ಪರೀಕ್ಷಕರು, ಒಬ್ಬನೇ ರೋಗಿ ಇರುವ ಕಡೆ ಈ ಪಾಲು ಎಷ್ಟಿರಬಹುದೆಂದು ವಾಚಕರೇ ಯೋಚಿಸಲಿ.

ಹಾಗಾದರೆ ಆಸ್ಕಿ ಬಂದೊಡನೆ ನ್ಯಾಯವೂ ಬಂದಿತೆ? ಅಷ್ಟು ಸುಲಭವಲ್ಲ. ಮೊದಲನೆಯದಾಗಿ, ಪಟ್ಟಿಗೆ ಕಣ್ಣಿಲ್ಲ. ಕೆನಡದಲ್ಲಿ ಬ್ರಯನ್ ಹಾಡ್ಜಸ್ ಮತ್ತು ಅವರ ಜೊತೆಯವರು ವಿದ್ಯಾರ್ಥಿಗಳನ್ನೂ ಅನುಭವಸ್ಥ ವೈದ್ಯರನ್ನೂ ಒಂದೇ ಆಸ್ಕಿಗೆ ಕೂರಿಸಿ, ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದರು. ಪಟ್ಟಿಯ ಲೆಕ್ಕದಲ್ಲಿ ಅನುಭವಸ್ಥರಿಗೇ ಕಡಿಮೆ ಅಂಕ ಬಂದಿತು! ಹಳಬನಾದ ವೈದ್ಯನು ಎರಡು ಮಾತಿನಲ್ಲಿ ರೋಗದ ಜಾಡು ಹಿಡಿಯುತ್ತಾನೆ, ಪಟ್ಟಿಯಲ್ಲಿರುವ ಇಪ್ಪತ್ತು ಪ್ರಶ್ನೆಗಳನ್ನು ಕೇಳುವುದಿಲ್ಲ. ಆದರೆ ಒಟ್ಟಾರೆ ಕೆಲಸ ಹೇಗಿತ್ತೆಂದು ಪರೀಕ್ಷಕರ ಅಭಿಪ್ರಾಯ ಕೇಳಿದಾಗ ಅನುಭವಸ್ಥರೇ ಮೇಲಾದರು. ಆದುದರಿಂದ ಈಗ ಅನೇಕ ಕಡೆ ಪಟ್ಟಿಯ ಅಂಕವೂ ಒಟ್ಟು ಅಭಿಪ್ರಾಯದ ಅಂಕವೂ ಜೊತೆಯಲ್ಲಿಯೇ ನಡೆಯುತ್ತವೆ.

ಎರಡನೆಯದು ಭಾಷೆಯ ಮಾತು. ಬ್ರಿಟನ್ನಿನಲ್ಲಿ ಕುಟುಂಬವೈದ್ಯರಾಗುವವರಿಗೆ ಇದ್ದ ಪರೀಕ್ಷೆಯೊಂದರಲ್ಲಿ ಹದಿಮೂರು ಮಂದಿ ನಟರು ರೋಗಿಗಳಾಗಿ ಒಬ್ಬೊಬ್ಬರಾಗಿ ಬರುತ್ತಿದ್ದರು, ತಲಾ ಹತ್ತು ನಿಮಿಷ. ಎಲ್ಲರಿಗೂ ಒಂದೇ ಅಳತೆ. ಆದರೂ ಭಾರತದಂತಹ ದೇಶಗಳಲ್ಲಿ ಓದಿ ಹೋದವರು ಮೊದಲ ಸಲ ಸೋಲುವುದು ಅಲ್ಲಿಯ ಬಿಳಿಯ ಪದವೀಧರರಿಗಿಂತ ಬಹಳ ಹೆಚ್ಚಾಗಿತ್ತು. ಭಾರತ ಮೂಲದ ವೈದ್ಯರ ಸಂಘವು ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. 2014ರಲ್ಲಿ ನ್ಯಾಯಾಧೀಶರು ಪರೀಕ್ಷೆ ಕಾನೂನಿಗೆ ವಿರುದ್ಧವಲ್ಲವೆಂದು ತೀರ್ಪು ಕೊಟ್ಟರು. ಜೊತೆಗೆ, ಪರೀಕ್ಷೆ ನಡೆಸುವವರು ಈ ವ್ಯತ್ಯಾಸವನ್ನು ಹೋಗಲಾಡಿಸಲು ಏನಾದರೂ ಮಾಡಬೇಕಾದ ಕಾಲ ಬಂದಿದೆಯೆಂಬ ಸೂಚನೆಯನ್ನೂ ಕೊಟ್ಟರು. ಆ ಪರೀಕ್ಷೆ ಆ ರೂಪದಲ್ಲಿ ಈಗ ಇಲ್ಲ. ಇದನ್ನು ಓದಿದಾಗ ನನಗೆ ನೆನಪಾದುದು ನಮ್ಮ ಹನ್ನೊಂದನೆಯ ಹಾಸಿಗೆ. “ಎದೆ ಹಿಡಕೊಂಡಂಗಾಗ್ತದೆ, ಜೀವ ಝುಂ ಅಂತದೆ” ಎಂಬ ಮುದುಕಿಯ ಮಾತನ್ನು ಆ ಪರನಾಡಿನ ಹುಡುಗಿ ಯಾವ ಭಾಷೆಗೆ ತಿರುಗಿಸಿಕೊಂಡಿದ್ದಳೋ! ರೋಗಚರಿತ್ರೆ ಅರ್ಧಂಬರ್ಧವೆಂದು ಅಂಕ ಕಳೆಯುವಾಗ ನಾವು ಅದನ್ನು ಲೆಕ್ಕಕ್ಕೆ ತಂದಿರಲಿಲ್ಲ. ನಮ್ಮ ರೋಗಿಯ ಮಾತು ತಿಳಿಯಲೇಬೇಕು, ಅದು ಬೇರೆ ಮಾತು. ಅದನ್ನು ಪರೀಕ್ಷೆಯ ದಿನ ದಂಡಿಸುವ ಮೊದಲು ಕಲಿಸಬೇಕಾದವರು ನಾವೇ.

ಮೂರನೆಯದು ಖರ್ಚು. ಅಮೆರಿಕದವರು 2004ರಲ್ಲಿ ಎಲ್ಲ ವೈದ್ಯಪದವೀಧರರಿಗೂ ನಟ ರೋಗಿಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿದರು. ಐದೇ ನಗರಗಳಲ್ಲಿ ನಡೆಯುತ್ತಿದ್ದ ಅದಕ್ಕೆ ಸಾವಿರ ಡಾಲರಿಗೂ ಮೇಲೆ ಶುಲ್ಕ. ಇಲ್ಲಿಂದ ಹೋದ ನಮ್ಮ ಎಷ್ಟೋ ತರುಣರು ಸಾಲ ಮಾಡಿ ವಿಮಾನ ಹತ್ತಿ ಹೋಗಿ ಅದನ್ನು ದಾಟಿದವರು. ಕೋವಿಡ್ ಬಂದಾಗ, 2020ರಲ್ಲಿ, ಅದು ನಿಂತಿತು; 2021ರ ಜನವರಿಯಲ್ಲಿ ಇನ್ನು ಮುಂದೆ ಇಲ್ಲವೆಂದೇ ಸಾರಿದರು.

ನಮ್ಮ ದೇಶದಲ್ಲಿ 2019ರಲ್ಲಿ ಸೇರಿದ ವಿದ್ಯಾರ್ಥಿಗಳಿಂದ ಹೊಸ ಪಠ್ಯಕ್ರಮ ಆರಂಭವಾಗಿದೆ. ಕೈಯಿಂದ ಮಾಡಿ ತೋರಿಸಬೇಕಾದ ಕೆಲಸಗಳನ್ನು ಗುರುತಿಸಿ, ವರ್ಷದುದ್ದಕ್ಕೂ ಮಾಡಿಸಿ, ಲಾಗ್ ಪುಸ್ತಕದಲ್ಲಿ ಬರೆದು ಅಧ್ಯಾಪಕರು ರುಜು ಹಾಕಬೇಕು. ಆಲೋಚನೆ ಬಹಳ ಒಳ್ಳೆಯದು. ಒಂದು ದಿನದ ಒಬ್ಬ ರೋಗಿಗಿಂತ ಒಂದು ವರ್ಷದ ಐವತ್ತು ರೋಗಿಗಳು ಹೆಚ್ಚು ನಿಜವನ್ನು ಹೇಳುತ್ತಾರೆ. ಆದರೆ ತಿಂಗಳ ಕೊನೆಯಲ್ಲಿ ಇಪ್ಪತ್ತು ಪುಸ್ತಕಗಳನ್ನು ರಾಶಿ ಹಾಕಿಕೊಂಡು, ಪಕ್ಕದವರೊಡನೆ ಮಾತನಾಡುತ್ತ, ಪುಟ ತಿರುಗಿಸಿ ರುಜು ಹಾಕುವ ಕೈಗಳನ್ನೂ ನಾನು ಕಂಡಿದ್ದೇನೆ. ಅಂಥ ರುಜುವಿಗಿಂತ ನನ್ನ ಹಳೆಯ ಲಾಂಗ್ ಕೇಸೇ ಲೇಸು. ಅದರಲ್ಲಿ ಕಡೆಗೆ ಒಬ್ಬ ಜೀವಂತ ರೋಗಿಯಾದರೂ ಇರುತ್ತಿದ್ದನು.

ಮೊನ್ನೆ ಸ್ನೇಹಿತರನ್ನು ಕಂಡು ಇಷ್ಟನ್ನು ಹೇಳಿದೆ: “ಮಗನನ್ನು ಮತ್ತೆ ಪುಸ್ತಕಕ್ಕೆ ಕಟ್ಟಿಹಾಕಬೇಡಿ. ಅವನು ರೋಗಿಯನ್ನು ಪರೀಕ್ಷಿಸುವುದನ್ನು ಇದುವರೆಗೆ ಯಾರಾದರೂ ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದ್ದಾರೆಯೇ, ಕೇಳಿ. ಇಲ್ಲವಾದರೆ ಒಬ್ಬ ಅಧ್ಯಾಪಕರ ಕೈಕಾಲು ಹಿಡಿದಾದರೂ ಹತ್ತು ಸಲ ನೋಡಿಸಲಿ.” ಹುಡುಗನನ್ನು ಕೇಳಿದರೆ, ಐದು ವರ್ಷದಲ್ಲಿ ಒಂದು ಸಲವೂ ಯಾರೂ ಹಾಗೆ ನೋಡಿಲ್ಲವೆಂದನಂತೆ.

ನಿವೃತ್ತಿಯಾದ ಮೇಲೆ ನಾನು ಪರೀಕ್ಷಕನ ಕುರ್ಚಿಯನ್ನು ಬಿಟ್ಟೆ; ಹಾಸಿಗೆಯನ್ನು ಹತ್ತಿದ್ದೇನೆ. ಒಂದು ಕಾಲೇಜಿನವರು ವರ್ಷಕ್ಕೆರಡು ಸಲ ಆಸ್ಕಿಗೆ ನನ್ನನ್ನು ರೋಗಿಯಾಗಿ ಕರೆಯುತ್ತಾರೆ. ನನ್ನ ಪಾತ್ರ ಎದೆನೋವಿನ ಮುದುಕ. ಹೋದ ಸಲ ಹದಿನಾರು ಮಂದಿ ಬಂದರು. “ನಮಸ್ಕಾರ, ನನ್ನ ಹೆಸರು ಇಂಥದು, ನಾನು ಕೊನೆಯ ವರ್ಷದ ವಿದ್ಯಾರ್ಥಿ” ಎಂದು ಶಾಲೆಯ ಪ್ರಾರ್ಥನೆಯ ರಾಗದಲ್ಲಿ ಹೇಳುತ್ತಾರೆ, ಅದಕ್ಕೊಂದು ಅಂಕ ಉಂಟು. ಕೆಲವರು ಅದನ್ನು ನನಗಲ್ಲ, ಪಟ್ಟಿ ಹಿಡಿದು ಕುಳಿತವರಿಗೆ ಹೇಳಿದರು. ಹನ್ನೆರಡನೆಯವನೋ ಹದಿಮೂರನೆಯವನೋ ಒಬ್ಬ ಸಣಕಲು ಹುಡುಗ ಹೆಸರು ಹೇಳುವುದನ್ನೇ ಮರೆತು, “ತಾತ, ನೋವು ಬಂದಾಗ ಏನು ಮಾಡುತ್ತಿದ್ದಿರಿ?” ಎಂದ. ಬಿಂದಿಗೆ ಹೊತ್ತು ಮೆಟ್ಟಲು ಹತ್ತುತ್ತಿದ್ದೆ ಎಂದು ನನಗೆ ಕಲಿಸಿದ್ದ ಉತ್ತರವನ್ನು ಕೊಟ್ಟೆ. ಅವನು ಸ್ವಲ್ಪ ತಡೆದು, “ಮನೆಯಲ್ಲಿ ನೀರು ತರುವವರು ಬೇರೆ ಯಾರೂ ಇಲ್ಲವೇ?” ಎಂದು ಕೇಳಿದ. ಅದಕ್ಕೆ ನನಗೆ ಯಾರೂ ಉತ್ತರ ಕಲಿಸಿರಲಿಲ್ಲ. ಏನೋ ಹೇಳಿದೆ. ಗಂಟೆ ಹೊಡೆಯಿತು. ಬೀಡಿ ಸಿಗರೇಟಿನ ವಿಷಯವನ್ನು ಅವನು ಕೇಳಿರಲಿಲ್ಲ, ತಂದೆತಾಯಿಗಳಿಗೆ ಹೃದಯದ ಕಾಯಿಲೆ ಇತ್ತೇ ಎಂದೂ ಕೇಳಿರಲಿಲ್ಲ. ಎದೆನೋವಿನವನ ಮುಂದೆ ಅವು ಸಣ್ಣ ತಪ್ಪುಗಳಲ್ಲ. ಪರೀಕ್ಷಕರು ಎರಡು ಸೊನ್ನೆ ಹಾಕಿದರು, ನಾನಿದ್ದರೂ ಹಾಕುತ್ತಿದ್ದೆ.

ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ ಒಂದೇ ಪ್ರಶ್ನೆ: ಈ ವೈದ್ಯರ ಬಳಿಗೆ ಮತ್ತೆ ಬರುತ್ತೀರಾ? ಐದು ಚೌಕಗಳಿರುತ್ತವೆ. ಕೊನೆಯ ಚೌಕದಲ್ಲಿ ಗುರುತು ಹಾಕಿ, ಮಡಿಸಿ, ದಿಂಬಿನ ಕೆಳಗಿಟ್ಟು, ಮುಂದಿನವನಿಗಾಗಿ ಎದೆ ಹಿಡಿದುಕೊಂಡು ಮಲಗಿದೆ.